ಸಭೆ ಮುಗಿದ ಮೇಲಿನ ಚಹಾ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಬರೆದವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು, ವಯಸ್ಸು 46. ಇಪ್ಪತ್ತು ವರ್ಷ ಕುಡಿದವರು, ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಹೊರಬಂದು ಏಳು ವಾರಗಳಾಗಿವೆ. ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ಆಸರೆಯಾಗುವ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಗೆ ತಪ್ಪದೆ ಹೋಗಬೇಕೆಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಅವರು ಮೂರು ಗುಂಪುಗಳನ್ನು ನೋಡಿ ಬಂದಿದ್ದಾರೆ. ಒಂದರಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತನಾಡಿದರಂತೆ. ಇನ್ನೊಂದು ಚರ್ಚಿನ ಸಭಾಂಗಣದಲ್ಲಿ ಸೇರುವುದರಿಂದ ಮನಸ್ಸು ಒಗ್ಗಲಿಲ್ಲವಂತೆ. ಮೂರನೆಯದು ಕನ್ನಡದ್ದೇ ಆದರೂ ವಯಸ್ಸಾದ ಆಟೊ ಚಾಲಕರೊಬ್ಬರು ತಮ್ಮ ಕಥೆಯನ್ನು ಎಳೆದೆಳೆದು ಹೇಳಿದರಂತೆ. "ನನ್ನಂಥವನಿಗೆ ಹೊಂದುವ ಗುಂಪು ಎಲ್ಲಿ ಸಿಗುತ್ತದೆ?" ಎಂದು ಕೇಳಿದ್ದಾರೆ.

ಸಹಿಗೆ ಮುಂಚೆ, ಕಂಸದೊಳಗೆ, ಒಂದು ಸಾಲಿದೆ: "ಭಾವಮೈದುನ ಹೊರಗೆ ಕಾರಿನಲ್ಲಿ ಕಾಯುತ್ತಿರುತ್ತಾನೆ, ಯಾರಾದರೂ ನೋಡುವ ಮೊದಲೇ ಹೊರಟುಬಿಡೋಣ ಎನ್ನುತ್ತಾನೆ, ಹಾಗಾಗಿ ಕೊನೆಯ ಪ್ರಾರ್ಥನೆಗೆ ಮುಂಚೆ ಎದ್ದು ಬರುತ್ತೇನೆ."

ಸ್ವಾಮಿ, ನೀವು ಕಂಸದೊಳಗೆ ಇಟ್ಟಿರುವುದೇ ನಿಮ್ಮ ನಿಜವಾದ ಪತ್ರ. ಮೂರು ಸಭೆಗಳಿಗೆ ಹೋಗಿದ್ದೀರಿ, ಒಂದನ್ನೂ ಪೂರ್ತಿಯಾಗಿ ಕಂಡಿಲ್ಲ.

ನನ್ನ ಚಿಕ್ಕಪ್ಪನ ಜೊತೆ ನಾನು ಎಷ್ಟೋ ಓಪನ್ ಮೀಟಿಂಗುಗಳಲ್ಲಿ ಕುಳಿತಿದ್ದೇನೆ. ಮನೆಯವರಿಗೂ ಪ್ರವೇಶವಿರುವ ಸಭೆಗಳು ಅವು, ಕ್ಲೋಸ್ಡ್ ಮೀಟಿಂಗುಗಳಾದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಸುಮಾರು ಒಂದು ಗಂಟೆ ಒಬ್ಬರಾದ ಮೇಲೊಬ್ಬರು ತಮ್ಮ ಅನುಭವ ಹೇಳುತ್ತಾರೆ, ಇಷ್ಟವಿದ್ದವರು ಕಾಣಿಕೆ ಹಾಕಲೆಂದು ಬುಟ್ಟಿಯೊಂದು ಸುತ್ತಿ ಬರುತ್ತದೆ, ಪ್ರಾರ್ಥನೆಯಾಗುತ್ತದೆ. ಆಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ಸದ್ದಿನ ನಡುವೆ ಚಹಾ ಬರುತ್ತದೆ. ಚಿಕ್ಕಪ್ಪನ ಕೈ ಇನ್ನೂ ನಡುಗುತ್ತಿದ್ದ ದಿನಗಳಲ್ಲಿ ಒಬ್ಬರು ಅವರ ಲೋಟವನ್ನು ಅರ್ಧಕ್ಕಷ್ಟೇ ತುಂಬಿ ಕೊಟ್ಟರು, ಬಸ್ ಟಿಕೆಟಿನ ಹಿಂದೆ ತಮ್ಮ ನಂಬರು ಬರೆದು, "ಕುಡಿಯಬೇಕು ಅನ್ನಿಸಿದಾಗ ಕುಡಿಯುವ ಮೊದಲು ಫೋನ್ ಮಾಡಿ, ಕುಡಿದ ಮೇಲೆ ಬೇಡ" ಎಂದರು. ಆ ಟಿಕೆಟು ವರ್ಷಗಟ್ಟಲೆ ಚಿಕ್ಕಪ್ಪನ ಕನ್ನಡಕದ ಡಬ್ಬಿಯಲ್ಲಿತ್ತು. ಈ ಚಹಾ ಬರುವ ಹೊತ್ತಿಗೆ ನೀವು ಕಾರು ಹತ್ತಿಯಾಗಿರುತ್ತದೆ.

ಈ ಸಂಘದ ಹುಟ್ಟೇ ಇಂಥದ್ದು. 1935ರ ಮೇ ತಿಂಗಳಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಎಂಬವರು ವ್ಯವಹಾರ ಕೈಕೊಟ್ಟು, ಹೋಟೆಲಿನ ಬಾರಿನ ಸೆಳೆತಕ್ಕೆ ಹೆದರಿ, ಮಾತನಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೊರಟರು. ಸಿಕ್ಕಿದವರು ಡಾಕ್ಟರ್ ಬಾಬ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದುಕೊಂಡೇ ಬಂದಿದ್ದ ಆ ವೈದ್ಯರು ಆರು ಗಂಟೆ ಕುಳಿತರು. ಅವರು ಕೊನೆಯ ಸಲ ಕುಡಿದ ದಿನವೆಂದು ಹೇಳಲಾಗುವ ಜೂನ್ 10ನ್ನೇ ಸಂಘ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ.

ನಿಮ್ಮ ದೂರುಗಳಲ್ಲಿ ಒಂದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಅಮ್ಮ ಬೈದ ಭಾಷೆಯಲ್ಲೇ ಮನುಷ್ಯ ತನ್ನ ತಪ್ಪನ್ನು ಹೇಳಿಕೊಳ್ಳಬಲ್ಲ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ; ಆದ್ದರಿಂದ ಇಂಗ್ಲಿಷ್ ಗುಂಪನ್ನು ಬಿಟ್ಟದ್ದು ಸರಿ. ಚರ್ಚಿನದು ಬಾಡಿಗೆಯ ಕೋಣೆ ಅಷ್ಟೆ, ಸಂಘ ಯಾವ ಮತಕ್ಕೂ ಸೇರಿದ್ದಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಅಲ್ಲಿ ಸದಸ್ಯನಾಗಲು ಬೇಕಾದ ಅರ್ಹತೆ. ಶುಲ್ಕವಿಲ್ಲ, ಹುದ್ದೆ ಯಾರೂ ಕೇಳುವುದಿಲ್ಲ. ಆಟೊ ಚಾಲಕರ ವಿಷಯಕ್ಕೆ ಬಂದರೆ, ಅವರು ಕುಡಿಯದೆ ಎಷ್ಟು ವರ್ಷವಾಯಿತು ಎಂಬುದನ್ನು ನೀವು ಬರೆದಿಲ್ಲ, ಬಹುಶಃ ಕೇಳಿಯೂ ಇಲ್ಲ. ನಿಮಗೆ ಸ್ಪಾನ್ಸರ್ ಆಗಿ, ಅಂದರೆ ದಾರಿ ತೋರುವ ಹಳೆಯ ಸದಸ್ಯರಾಗಿ, ಹೆಜ್ಜೆ ಹೆಜ್ಜೆಗೂ ಜೊತೆ ನಿಲ್ಲುವವರು ಅವರೇ ಇರಬಹುದು.

ಆದರೆ ನನ್ನ ಸಿಟ್ಟಿರುವುದು ನಿಮ್ಮ ಭಾವಮೈದುನನ ಮೇಲೆ. ನೀವು ತೂರಾಡುತ್ತ ಬೀದಿಯಲ್ಲಿ ನಡೆದಾಗ ಊರೆಲ್ಲ ನೋಡಿತ್ತು. ಆಗ ಹೋಗದ ಮರ್ಯಾದೆ ನೀವು ಸಭೆಯಿಂದ ಎಚ್ಚರವಾಗಿ ಇಳಿದು ಬರುವಾಗ ಹೋಗುತ್ತದೆಯೇ? ಕಾಯಿಲೆಯನ್ನು ಸಹಿಸಿಕೊಂಡು ಔಷಧಿಯನ್ನು ಬಚ್ಚಿಡುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಭಾವಮೈದುನನಿಗೆ ಕಳಕಳಿ ಇದ್ದರೆ ತನ್ನ ಅಕ್ಕನನ್ನು, ಅಂದರೆ ನಿಮ್ಮ ಹೆಂಡತಿಯನ್ನು, ಆಲ್-ಅನಾನ್ ಸಭೆಗೆ ಕರೆದೊಯ್ಯಲಿ; ಕುಡಿಯುವವರ ಮನೆಯವರಿಗೆಂದೇ 1951ರಿಂದ ನಡೆದು ಬಂದಿರುವ ಬಳಗ ಅದು. ಇಪ್ಪತ್ತು ವರ್ಷ ನಿಮ್ಮೊಡನೆ ಬಾಳಿದ ಆ ಹೆಂಗಸಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ.

ಇಂಥದೇ ಪ್ರಶ್ನೆಯಿರುವ, ಇನ್ನೂ ದಿನವೂ ಕುಡಿಯುತ್ತಿರುವ ಓದುಗರು ದಯವಿಟ್ಟು ಮೊದಲು ವೈದ್ಯರನ್ನು ಕಾಣಿರಿ, ಏಕೆಂದರೆ ಬಹುಕಾಲ ಕುಡಿದ ದೇಹಕ್ಕೆ ಮದ್ಯ ಥಟ್ಟನೆ ನಿಂತರೆ ಪ್ರಾಣಕ್ಕೇ ಅಪಾಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ನಿಮಗೆ ನನ್ನದು ಒಂದೇ ಸೂಚನೆ. ಆ ಕನ್ನಡದ ಗುಂಪಿಗೇ, ಒಂದೂ ವಾರ ತಪ್ಪಿಸದೆ, ಆರು ವಾರ ಹೋಗಿ. ಬಸ್ಸಿನಲ್ಲಿ ಹೋಗಿ, ಕಾಲು ಗಂಟೆ ಮೊದಲೇ ತಲುಪಿ ಕುರ್ಚಿ ಹಾಕಲು ಕೈಜೋಡಿಸಿ, ಚಹಾ ಕುಡಿದು ಲೋಟ ತೊಳೆದಿಟ್ಟ ಮೇಲೆಯೇ ಹೊರಡಿ. ಕಾರು ತರುವುದು ಬೇಡವೆಂದು ಭಾವಮೈದುನನಿಗೆ ಇಂದೇ ತಿಳಿಸಿಬಿಡಿ.