ಶಿರಸಿ–ಕುಮಟಾ ದಾರಿಯ ಹಸಿರು

ಪ್ರಿಯ ಓದುಗರೇ,

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದಾಗ ದಾರಿಯುದ್ದಕ್ಕೂ ಹಸಿರೇ ಕಂಡಿತು, ಹಾಗಿದ್ದೂ ಕಾಡು ಕಡಿಮೆಯಾಗುತ್ತಿದೆ ಎಂದು ನೀವೇಕೆ ಬರೆಯುತ್ತೀರಿ ಎಂದು ಕೇಳಿದ್ದೀರಿ. ಕೊಂಬೆ ಕಡಿದು ಬೋಳಾಗಿದ್ದ ಮರಗಳನ್ನು ನೋಡಿ, ತೋಟದವರು ಹೀಗೆ ಕಾಡು ಹಾಳು ಮಾಡಬಹುದೇ ಎಂದೂ ಬೇಸರಪಟ್ಟಿದ್ದೀರಿ.

ಮೊದಲು ಆ ಬೋಳು ಮರಗಳ ವಿಷಯ. ನೀವು ನೋಡಿದ್ದು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಈ ಭಾಗದಲ್ಲಿ ತಗ್ಗಿನಲ್ಲಿ ಅಡಿಕೆ ತೋಟ, ಅದರ ಮೇಲಿನ ಇಳಿಜಾರಿನಲ್ಲಿ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಜಾಗ ಸರ್ಕಾರದ್ದು, ತೋಟದವರಿಗೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕಷ್ಟೇ. ಮತ್ತಿ, ಹೊನ್ನೆ, ಕಿಂದಲ ಮರಗಳ ಸೊಪ್ಪು ಕೊಟ್ಟಿಗೆಗೆ ಹೋಗಿ, ಸಗಣಿ ಬೆರೆತು, ಗೊಬ್ಬರವಾಗಿ ಅಡಿಕೆ ಬುಡ ಸೇರುತ್ತದೆ. ಬೆಟ್ಟದಲ್ಲಿ ಇಂಗಿದ ಮಳೆನೀರು ಕೆಳಗಿನ ತೋಟಕ್ಕೆ ಬರುತ್ತದೆ. ಮಿತಿಯಲ್ಲಿ ಸೊಪ್ಪು ಕಡಿದರೆ ಮರ ಮತ್ತೆ ಚಿಗುರುತ್ತದೆ. ಅತಿಯಾಗಿ ಕಡಿದ ಬೆಟ್ಟಗಳೂ ಇವೆ, ಅಲ್ಲಿ ನಿಮ್ಮ ಬೇಸರ ಸರಿಯೇ. ಆದರೆ ಬೋಳು ಕಂಡಿತೆಂದು ತೋಟದವರನ್ನೆಲ್ಲ ದೂರುವುದು ನ್ಯಾಯವಲ್ಲ.

ನಮಗೆ ಜಾಸ್ತಿ ಚಿಂತೆ ತುಂಬಿದಂತೆ ಕಾಣುವ ಹಸಿರಿನದ್ದು. ಅಕೇಶಿಯಾ ನೆಡುತೋಪು ವರ್ಷವಿಡೀ ಹಸಿರಾಗಿಯೇ ಇರುತ್ತದೆ. ಅದರ ಎಲೆ ಬೇಗ ಕೊಳೆಯುವುದಿಲ್ಲ, ದನವೂ ಮೇಯುವುದಿಲ್ಲ. ಇನ್ನು ಸಿದ್ದಾಪುರದ ಕತ್ತಲೆಕಾನು ಎಂಬ ಸಹಜ ಕಾಡಿಗೆ ಹೋಗಿ ನೋಡಿ. ನೀರು ನಿಂತ ಜೌಗಿನಲ್ಲಿ ಕಾಡು ಜಾಯಿಕಾಯಿ ಜಾತಿಯ ಮರಗಳು ಉಸಿರಾಡಲು ಬೇರನ್ನು ಮೇಲಕ್ಕೆತ್ತಿ ನಿಂತಿವೆ. ಮೇಲೆ ಸಿಂಗಳೀಕಗಳು ಓಡಾಡುತ್ತವೆ. ದೂರದಿಂದ ಎರಡೂ ಹಸಿರೇ ಅಲ್ವಾ? ಆದರೆ ಅಂಥ ಕಾನನ್ನು (ದಟ್ಟ ನಿತ್ಯಹಸಿರು ಕಾಡನ್ನು) ಯಾವ ನರ್ಸರಿಯಿಂದಲೂ ತಂದು ನೆಡಲಾಗದು. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರ ಅಪ್ಪಿ ನಿಂತದ್ದು ಇದೇ ಕಾರಣಕ್ಕೆ. ಸಹಜ ಕಾಡು ಕಡಿದು ತೇಗ ಬೆಳೆಸುವುದನ್ನು ಅವರು ಒಪ್ಪಲಿಲ್ಲ.

ಕೆಳಗೆ ಕುಮಟಾದಲ್ಲೂ ಘಟ್ಟದ ಕಾನಿನ ಫಲ ಕಾಣುತ್ತದೆ. ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಬೆರೆಯುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಅದೇ ಅಳಿವೆಯಲ್ಲಿ ಮೀನು, ಬಳಚು (ಚಿಪ್ಪುಮೀನು) ಸಿಗುತ್ತವೆ. ಮೇಲಿನ ಕಾನು ಹೋದರೆ ಈ ರೈತರಿಗೂ ಮೀನುಗಾರರಿಗೂ ಪೆಟ್ಟು.

ಈಗ ಅಡಿಕೆಗೆ ಒಳ್ಳೆಯ ದರ ಬಂದ ಮೇಲೆ ಕೆಲವರು ಬೆಟ್ಟವನ್ನೇ ಅಗೆದು ತೋಟ ಮಾಡುತ್ತಿದ್ದಾರೆ. ಇದೂ ಹಸಿರಾಗಿಯೇ ಕಾಣುತ್ತದೆ. ಸೊಪ್ಪಿನ ಜಾಗ ಹೋಗಿ, ಸೊಪ್ಪು ಬೇಕಾದ ಜಾಗ ಹೆಚ್ಚುತ್ತದೆ. ಅಂಥ ಊರುಗಳಲ್ಲಿ ಗೊಬ್ಬರಕ್ಕೆ, ನೀರಿಗೆ ಏನು ಮಾಡುತ್ತಿದ್ದಾರೆ ಎಂದು ಆ ಕಡೆಯ ಓದುಗರು ಬರೆದು ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ