ಗಂಡು ಚಿಟ್ಟೆಯ ಎರಡು ಬಗೆ ವೀರ್ಯಾಣು: ಖಾಲಿ ಅಂದರೆ ಕೆಟ್ಟಿದ್ದಲ್ಲ

ಗಂಡು ಚಿಟ್ಟೆಯ ವೀರ್ಯಾಣುಗಳಲ್ಲಿ ಬಹಳಷ್ಟಕ್ಕೆ ನ್ಯೂಕ್ಲಿಯಸ್ಸೇ (ವರ್ಣತಂತುಗಳಿರುವ ಕೋಶಕೇಂದ್ರ) ಕಾಣುತ್ತಿಲ್ಲ, ಏನಾದರೂ ರೋಗವಾ ಅಂತ ಕೇಳಿದ್ದೀರಿ. ರೋಗ ಅಲ್ಲ. ಚಿಟ್ಟೆ, ಪತಂಗಗಳ ಗಂಡುಗಳಲ್ಲಿ ಬಹುತೇಕ ಹೀಗೆಯೇ.

ನ್ಯೂಕ್ಲಿಯಸ್ ಇರುವುದಕ್ಕೆ ಯೂಪೈರೀನ್, ಇಲ್ಲದ್ದಕ್ಕೆ ಎಪೈರೀನ್ ಅನ್ನುತ್ತಾರೆ. ಮೊಟ್ಟೆ ಫಲಿಸುವುದು ಮೊದಲನೆಯದರಿಂದ ಮಾತ್ರ. ಆದರೂ ಕೆಲವು ಜಾತಿಗಳಲ್ಲಿ 100ಕ್ಕೆ 90ರಷ್ಟು ಖಾಲಿಯವೇ ಇರುತ್ತವೆ!

ಎರಡೂ ಹುಟ್ಟುವುದು ಒಂದೇ ಬಗೆಯ ಜೀವಕೋಶದಿಂದ. ಯಾವಾಗ ಹುಟ್ಟುತ್ತದೆ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಕಂಬಳಿಹುಳು ಕೊನೆಯ ಹಂತದಲ್ಲಿದ್ದಾಗ ಯೂಪೈರೀನ್ ಶುರು. ಪ್ಯೂಪಾ (ಕಂಬಳಿಹುಳು ಚಿಟ್ಟೆಯಾಗುವ ಮುಂಚಿನ ಗೂಡಿನ ಹಂತ) ಆಗುವ ಹೊತ್ತಿಗೆ ಹುಳುವಿನ ರಕ್ತದಲ್ಲಿ ಒಂದು ಸೂಚನೆ ಬರುತ್ತದೆ, ಆಮೇಲೆ ವಿಭಜನೆಗೆ ಇಳಿದ ಕೋಶಗಳು ಎಪೈರೀನ್ ಆಗುತ್ತವೆ. ಅವುಗಳಲ್ಲಿ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗುವುದಿಲ್ಲ, ಚೂರು ಚೂರು ನ್ಯೂಕ್ಲಿಯಸ್ ಆಗುತ್ತವೆ. ಕೊನೆಗೆ ಒಟ್ಟಿಗೆ ಬೆಳೆಯುವ ವೀರ್ಯಾಣುಗಳ ಕಟ್ಟನ್ನು ಒಂದು ತುದಿಯಿಂದ ಹಿಂಡಿದಂತಾಗಿ, ಆ ಚೂರುಗಳು ಬಾಲದ ಕಡೆಯಿಂದ ಆಚೆ ಹೋಗುತ್ತವೆ. ಯೂಪೈರೀನ್ ಕಟ್ಟನ್ನೂ ಹೀಗೆಯೇ ಹಿಂಡುತ್ತದೆ, ಅಲ್ಲಿ ಹೋಗುವುದು ಬೇಡದ ಕೋಶರಸ ಮಾತ್ರ. ನನಗೆ ಇದೇ ಬಹಳ ಸೋಜಿಗ.

ಖಾಲಿಯದು ಸುಮ್ನೆ ಜಾಗ ತುಂಬಲಿಕ್ಕಾ? ರೇಷ್ಮೆ ಹುಳುವಿನಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಎಸ್‌ಎಕ್ಸ್‌ಎಲ್ ಅನ್ನುವ ಜೀನ್ ಕೆಡಿಸಿದರೆ ಸರಿಯಾದ ಎಪೈರೀನ್ ಆಗುವುದಿಲ್ಲ, ಗಂಡು ಬಂಜೆಯಾಗುತ್ತದೆ. ಯೂಪೈರೀನ್ ಇದ್ದರೂ ಹೆಣ್ಣಿನೊಳಗೆ ವೀರ್ಯ ಕೂಡಿಡುವ ಚೀಲಕ್ಕೆ ಹೋಗಿ ಸೇರುವುದಿಲ್ಲ. ಅದೇ ಹೆಣ್ಣು, ಬರೀ ಎಪೈರೀನ್ ಕೆಲಸ ಮಾಡುವ ಇನ್ನೊಂದು ಬಂಜೆ ಗಂಡಿನ ಜೊತೆಗೂ ಕೂಡಿದರೆ ಮೊಟ್ಟೆ ಫಲಿಸುತ್ತದೆ. ಅಂದರೆ ದಾರಿ ಮಾಡಿಕೊಡುವುದು ಖಾಲಿಯದ್ದೇ, ಅಲ್ವಾ? ಹಸಿರು ನರದ ಬಿಳಿ ಚಿಟ್ಟೆಯಲ್ಲಿ ಇನ್ನೊಂದು ಉಪಯೋಗ: ಹೆಣ್ಣಿನ ಚೀಲ ಎಪೈರೀನ್‌ನಿಂದ ತುಂಬಿರುವಷ್ಟು ದಿನ ಆ ಹೆಣ್ಣು ಬೇರೆ ಗಂಡಿನ ಕಡೆ ಬೇಗ ಹೋಗುವುದಿಲ್ಲ.

ಎರಡನ್ನೂ ಬೆಳೆಯುವ ಹಂತದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಚಿಟ್ಟೆಗಿಂತ ಹೊಸ ಪ್ಯೂಪಾ ಒಳ್ಳೆಯದು. ವೃಷಣವನ್ನು ಬರೀ ನೀರಿನಲ್ಲಿ ಇಡಬೇಡಿ, ಕೋಶಗಳು ಊದಿ ಒಡೆಯುತ್ತವೆ. ಕೀಟಗಳಿಗೆ ಬಳಸುವ ಉಪ್ಪಿನ ದ್ರಾವಣ ಹಾಕಿ. ಆಮೇಲೆ ನ್ಯೂಕ್ಲಿಯಸ್ ಎದ್ದು ಕಾಣುವಂತೆ ಮಾಡುವ ಅಸಿಟೋಕಾರ್ಮೈನ್ ಬಣ್ಣ. ಒಂದು ತುದಿಯಲ್ಲಿ ಸೂಜಿಗಳ ಹಾಗೆ ನ್ಯೂಕ್ಲಿಯಸ್‌ಗಳು ಸಾಲಾಗಿ ನಿಂತಿದ್ದರೆ ಯೂಪೈರೀನ್ ಕಟ್ಟು. ಸಣ್ಣ ಸಣ್ಣ ಚುಕ್ಕೆಗಳು ನಡುವಲ್ಲೋ ಹಿಂದಕ್ಕೋ ಚದುರಿದ್ದರೆ ಎಪೈರೀನ್. ರೇಷ್ಮೆ ಹುಳುವಿನಲ್ಲಿ ಒಂದು ಕಟ್ಟಿಗೆ 256 ವೀರ್ಯಾಣು. ಎಣಿಸಲು ಹೋಗಬೇಡಿ, ಕಣ್ಣು ನೋಯುತ್ತದೆ ಅಷ್ಟೇ.