ಕಾಂಕ್ರೀಟಿಗೆ ಪ್ಲಾಸ್ಟಿಕ್ ನಾರು: ಎಲ್ಲಿ ಬೇಕು, ಎಲ್ಲಿ ಬೇಡ

ಕಟ್ಟಡ ಮತ್ತು ನೆಲಹಾಸಿನಲ್ಲಿ ಬಳಸುವ ಕೃತಕ ನಾರುಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಆರಿಸಿ, ಕಟ್ಟಡ ಸಾಮಗ್ರಿ ಎಂಜಿನಿಯರೊಬ್ಬರಿಂದ ಇಲ್ಲಿ ಉತ್ತರ ಕೊಡಿಸಲಾಗಿದೆ.

ಪ್ರಶ್ನೆ: ಹಿರಿಯೂರಿನ ಹತ್ತಿರ ಮನೆ ಕಟ್ಟಿಸುತ್ತಿದ್ದೇನೆ. ಮಾರ್ಚ್‌ನಲ್ಲಿ ಆರ್‌ಸಿಸಿ ಹಾಕಿದ ದಿನ ಸಂಜೆಯೇ ಮೇಲ್ಗಡೆ ಅಲ್ಲಲ್ಲಿ ಬಿರುಕು ಕಾಣಿಸಿತು. ಮುಂದಿನ ಮಹಡಿಗೆ ರೆಕ್ರಾನ್ ಹಾಕಿಬಿಡೋಣ, ಆಗ ಅಡ್ಡ ರಾಡುಗಳನ್ನು ಬಿಟ್ಟರೂ ನಡೆಯುತ್ತದೆ, ದುಡ್ಡೂ ಉಳಿಯುತ್ತದೆ ಎನ್ನುತ್ತಾರೆ ನಮ್ಮ ಮೇಸ್ತ್ರಿ. ಒಪ್ಪಬಹುದೇ?

ನಾರು ಹಾಕಿಸಿ, ರಾಡು ಬಿಡಬೇಡಿ. ಮೇಸ್ತ್ರಿಯವರು ಒಂದೇ ಉಸಿರಿನಲ್ಲಿ ಹೇಳಿದ್ದು ಎರಡು ಬೇರೆ ಬೇರೆ ಮಾತುಗಳು. ಮೊದಲನೆಯದು ಸರಿ, ಎರಡನೆಯದು ಮನೆಗೆ ಅಪಾಯ.

ರೆಕ್ರಾನ್ ಎಂಬುದು ಒಂದು ಕಂಪನಿಯ ಮಾಲಿನ ಹೆಸರು. ನಮ್ಮ ಕೆಲಸದ ಜಾಗಗಳಲ್ಲಿ ಅದು ಇಂಥ ಎಲ್ಲ ನಾರುಗಳಿಗೂ ಅಡ್ಡಹೆಸರಾಗಿಬಿಟ್ಟಿದೆ. 50 ಕೆಜಿಯ ಒಂದು ಸಿಮೆಂಟ್ ಚೀಲಕ್ಕೆ 125 ಗ್ರಾಂನ ಒಂದು ಪೊಟ್ಟಣ ಎಂಬ ಲೆಕ್ಕದಲ್ಲಿ ಹಾಕುವ, ಕೂದಲಿಗಿಂತ ತೆಳುವಾದ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನ 12 ಮಿಲಿಮೀಟರ್ ಉದ್ದದ ಎಳೆಗಳಿವು. ಎಂ 20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟು ಹಿಡಿಯುತ್ತದೆ ಎಂದುಕೊಂಡರೆ ನಾರಿನ ಪ್ರಮಾಣ ಘನ ಮೀಟರಿಗೆ ಒಂದು ಕೆಜಿಯಷ್ಟಾಗುತ್ತದೆ. ಕೇಳಲು ಇದು ಬಹಳ ಕಡಿಮೆ, ಸಾವಿರ ಲೀಟರ್ ಕಾಂಕ್ರೀಟಿನಲ್ಲಿ ಒಂದು ಲೀಟರ್ ಚಿಲ್ಲರೆ ಪ್ಲಾಸ್ಟಿಕ್. ಆದರೆ ಎಳೆಯ ದಪ್ಪ 20 ಮೈಕ್ರಾನ್ ಎಂದಿಟ್ಟುಕೊಂಡು ಗುಣಿಸಿ ನೋಡಿದರೆ ಆ ಒಂದು ಲೀಟರಿನಲ್ಲಿ 26 ಕೋಟಿಗೂ ಹೆಚ್ಚು ಎಳೆಗಳಿರುತ್ತವೆ. ಅದರ ಕೆಲಸವೆಲ್ಲ ನಡೆಯುವುದು ಈ ಎಣಿಕೆಯ ಬಲದಿಂದ.

ನಿಮ್ಮ ತಾರಸಿಯಲ್ಲಿ ಅಂದು ಸಂಜೆ ಆದದ್ದೇನು ಎಂದು ಊಹಿಸುವುದು ಕಷ್ಟವಲ್ಲ. ಹಸಿ ಕಾಂಕ್ರೀಟಿನಲ್ಲಿ ಜಲ್ಲಿ, ಮರಳು ಕೆಳಗೆ ಕುಳಿತಂತೆ ನೀರು ಮೇಲಕ್ಕೆ ಒಸರುತ್ತದೆ. ಆ ನೀರು ಮೇಲೆ ಬರುವುದಕ್ಕಿಂತ ಬೇಗ ಗಾಳಿಗೆ ಆರಿಹೋದರೆ ಮೇಲ್ಪದರ ಕುಗ್ಗತೊಡಗುತ್ತದೆ, ಕುಗ್ಗುವಿಕೆಯನ್ನು ತಡೆಯುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ, ಹಾಗಾಗಿ ಬೇಸಿಗೆಯ ಕೆರೆಯಂಗಳದಂತೆ ಸೀಳು ಬಿಡುತ್ತದೆ. ಒಂದು ಚದರ ಮೀಟರಿನಿಂದ ಗಂಟೆಗೆ ಒಂದು ಕೆಜಿಗಿಂತ ಹೆಚ್ಚು ನೀರು ಆರುವ ಪರಿಸ್ಥಿತಿಯಿದ್ದರೆ ಜಾಗ್ರತೆ ವಹಿಸಬೇಕು ಎಂಬುದು ಎಂಜಿನಿಯರುಗಳು ಇಟ್ಟುಕೊಂಡಿರುವ ಗಡಿ. ಇದರಲ್ಲಿ ಬಿಸಿಲಿಗಿಂತ ಗಾಳಿಯ ಪಾಲು ಹೆಚ್ಚೆಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಸಾಲುಸಾಲು ಗಾಳಿಯಂತ್ರಗಳನ್ನು ನಿಲ್ಲಿಸಿರುವ ಚಿತ್ರದುರ್ಗದ ಸೀಮೆಯಲ್ಲಿ ಮಾರ್ಚ್ ತಿಂಗಳ ನಡುಹಗಲಿಗೆ ಕಾಂಕ್ರೀಟ್ ಹಾಕಿದರೆ ಆ ಗಡಿ ದಾಟುವುದು ಸುಲಭ.

ಈ ಹೊತ್ತಿನಲ್ಲಿ ನಾರು ನಿಜವಾಗಿಯೂ ಉಪಯುಕ್ತ. ಹಾಕಿ ಮೂರು ನಾಲ್ಕು ಗಂಟೆಯಾದ ಕಾಂಕ್ರೀಟು ಮೊಸರಿನಷ್ಟು ಮೆತ್ತಗಿರುತ್ತದೆ, ಅದರ ಮುಂದೆ ಪ್ಲಾಸ್ಟಿಕ್ ಎಳೆಯೇ ಗಟ್ಟಿ. ಬಿರುಕು ಬಾಯಿಬಿಡುವ ಮುಂಚೆಯೇ ಸಾವಿರಾರು ಎಳೆಗಳು ಅಡ್ಡ ನಿಂತು ಹಿಡಿದುಕೊಳ್ಳುತ್ತವೆ. ತಿಂಗಳು ಕಳೆದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಎಳೆದಾಗ ಹಿಗ್ಗದೆ ನಿಲ್ಲುವ ಬಿಗಿತವನ್ನು ಅಳೆದರೆ ಪಾಲಿಪ್ರೊಪಿಲೀನ್ ನಾರಿನದು ಸುಮಾರು 4 ಗಿಗಾ ಪ್ಯಾಸ್ಕಲ್, ಗಟ್ಟಿಯಾದ ಎಂ 25 ಕಾಂಕ್ರೀಟಿನದು 25, ಉಕ್ಕಿನದು 200. ಕಾಂಕ್ರೀಟಿಗಿಂತ ಮೆತ್ತನೆಯ ಈ ಎಳೆ, ಇಷ್ಟು ಅಲ್ಪ ಪ್ರಮಾಣದಲ್ಲಿ, ಕಾಂಕ್ರೀಟಿಗೆ ಬೀಳುವ ಎಳೆತವನ್ನು ತಾನು ಹೊರಲಾರದು. ಅದರ ಬಾಳಿನ ಮುಖ್ಯ ಕೆಲಸ ಮೊದಲ ದಿನವೇ ಮುಗಿದಿರುತ್ತದೆ.

ಮುಖ್ಯ ರಾಡುಗಳಿಗೆ ಅಡ್ಡಲಾಗಿ ಕಟ್ಟುವ ಈ ಅಡ್ಡ ರಾಡುಗಳ ಕೆಲಸ ಶುರುವಾಗುವುದು ಆಮೇಲೆ. ಭಾರವನ್ನು ಹಂಚುವುದು, ಹಗಲಿನ ಕಾವು ಮತ್ತು ಇರುಳಿನ ತಂಪಿಗೆ ತಾರಸಿ ಹಿಗ್ಗಿ ಕುಗ್ಗುವಾಗ ಹುಟ್ಟುವ ಎಳೆತವನ್ನು ವರ್ಷಗಟ್ಟಲೆ ತಡೆಯುವುದು ಅವುಗಳ ಪಾಲಿನದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಟಿಎಂಟಿಯಂಥ ಹೆಚ್ಚು ಬಲದ ಕಂಬಿಗೆ ಇದರ ಕನಿಷ್ಠ ಪ್ರಮಾಣ ಸೀಳುನೋಟದ ವಿಸ್ತೀರ್ಣದ 0.12 ಶೇಕಡಾ. ಐದು ಅಂಗುಲದ ತಾರಸಿಗೆ ಇದು ಸುಮಾರಾಗಿ ಒಂದೊಂದು ಅಡಿಗೆ ಒಂದು 8 ಎಂಎಂ ರಾಡು ಎಂದಾಗುತ್ತದೆ. ಸಾವಿರ ಚದರಡಿ ತಾರಸಿಯಲ್ಲಿ ಈ ಅಡ್ಡ ರಾಡುಗಳ ತೂಕ ಹತ್ತಿರ ಹತ್ತಿರ 120 ಕೆಜಿ, ಅಷ್ಟೇ ತಾರಸಿಗೆ ಬೀಳುವ ನಾರು 12 ಕೆಜಿ. ಹನ್ನೆರಡು ಕೆಜಿ ಪ್ಲಾಸ್ಟಿಕ್ಕು ನೂರಿಪ್ಪತ್ತು ಕೆಜಿ ಉಕ್ಕಿನ ಕೆಲಸ ಮಾಡುತ್ತದೆಯೇ ಎಂದು ಮೇಸ್ತ್ರಿಯವರನ್ನು ನೇರವಾಗಿ ಕೇಳಿ. ನಾರಿನ ಪೊಟ್ಟಣದ ಮೇಲೆ ರಾಡು ಬಿಡಬಹುದೆಂದು ಬರೆದಿದೆಯೇ ಎಂದೂ ನೋಡಲು ಹೇಳಿ.

ನಾರು ಹಾಕಿಸುವುದಾದರೆ ಮಿಕ್ಸರ್ ಬೇಕೇ ಬೇಕು. ನೆಲದ ಮೇಲೆ ಸಲಿಕೆಯಿಂದ ಕಲಸಿದರೆ ಎಳೆಗಳು ಹತ್ತಿಯುಂಡೆಯಂತೆ ಗಂಟು ಕಟ್ಟುತ್ತವೆ. ಜಲ್ಲಿ, ಮರಳಿನ ಜೊತೆಗೇ ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ನಾರು ಬಿದ್ದ ಮೇಲೆ ಮಿಶ್ರಣ ಬಿಗಿಯಾದಂತೆ ತೋರುತ್ತದೆ, ಆಗ ಕೆಲಸಗಾರರು ಒಂದು ಬಕೆಟ್ ನೀರು ಹೆಚ್ಚಿಗೆ ಸುರಿಯುತ್ತಾರೆ. ನಾರಿನಿಂದ ಸಿಕ್ಕ ಲಾಭವೆಲ್ಲ ಆ ಒಂದು ಬಕೆಟ್ಟಿನಲ್ಲಿ ಹೋಗಿಬಿಡುತ್ತದೆ. ಸಡಿಲ ಬೇಕಿದ್ದರೆ ನೀರು ಹೆಚ್ಚಿಸದೆಯೇ ಮಿಶ್ರಣವನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರ್ ದ್ರವ ಹಾಕಿಸಿ. ಇಳಿಬಿಸಿಲಿಗೆ ಕೆಲಸ ಮುಗಿಯುವಂತೆ ನೋಡಿಕೊಳ್ಳಿ, ಮಟ್ಟ ಮಾಡಿದ ಭಾಗವನ್ನು ಮಾಡಿದಂತೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಸಿ. ನಾರು ಹಾಕಿದ್ದೇವೆಂದು ಕ್ಯೂರಿಂಗ್ ದಿನ ಕಡಿಮೆ ಮಾಡುವಂತಿಲ್ಲ. ಒಣ ಬಿಸಿಲಿನ ಕಾಲದಲ್ಲಿ ಕನಿಷ್ಠ 10 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 14 ದಿನ ನೀರು ನಿಲ್ಲಿಸಿ.

ಹಾಕಿಯಾಗಿರುವ ತಾರಸಿಯ ಬಿರುಕುಗಳು ಮೇಲ್ಮೈಯವಾಗಿದ್ದರೆ ಸಿಮೆಂಟ್ ಹಾಲು ತುಂಬಿಸಿದರೆ ಸಾಕು. ಕೆಳಗಡೆಯೂ ನೀರು ಜಿನುಗಿದರೆ ಮಾತ್ರ ಎಂಜಿನಿಯರನ್ನು ಕರೆದು ತೋರಿಸಬೇಕಾಗುತ್ತದೆ.

ಪ್ರಶ್ನೆ: ಪಾಲಿಯೆಸ್ಟರ್ ನಾರು ಸಿಮೆಂಟಿನಲ್ಲಿ ಕರಗಿಹೋಗುತ್ತದೆಯಂತೆ, ನಿಜವೇ? ಅಲ್ಲದೆ ನಾರು ಹಾಕಿ ಮಾಡಿಸಿದ ಪ್ಲಾಸ್ಟರಿನಲ್ಲಿ ಗೋಡೆಗೆ ಕೂದಲು ಬಂದಂತೆ ಕಾಣುತ್ತಿದೆ, ಪೇಂಟರು ಗೊಣಗುತ್ತಿದ್ದಾರೆ.

ಕಾಂಕ್ರೀಟಿನೊಳಗಿನ ಕ್ಷಾರ ಬಹಳ ತೀಕ್ಷ್ಣ, ಅದರ ಪಿಎಚ್ 12.5ಕ್ಕೂ ಮೇಲೆ. ಪಾಲಿಯೆಸ್ಟರ್ ಅದರಲ್ಲಿ ಕಾಲಕ್ರಮೇಣ ಸವೆಯುತ್ತದೆ, ಪಾಲಿಪ್ರೊಪಿಲೀನ್ ಸವೆಯುವುದಿಲ್ಲ. ಮೊದಲ ದಿನದ ಬಿರುಕನ್ನಷ್ಟೇ ತಡೆಯಬೇಕಿದ್ದರೆ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ, ದೀರ್ಘಕಾಲದ ಕೆಲಸ ಬೇಕಿದ್ದರೆ ಇದೆ. ಪ್ಲಾಸ್ಟರಿಗೆ 6 ಮಿಮೀ ಉದ್ದದ್ದನ್ನು ಹಾಕಬೇಕಿತ್ತು, ನಿಮ್ಮಲ್ಲಿ ಬಹುಶಃ ಕಾಂಕ್ರೀಟಿನ 12 ಮಿಮೀ ಪೊಟ್ಟಣವನ್ನೇ ಬಳಸಿದ್ದಾರೆ. ಪುಟ್ಟಿ ಎರಡು ಕೋಟು ಹೊಡೆದರೆ ಕೂದಲು ಮುಚ್ಚಿಹೋಗುತ್ತದೆ. ಗೋಡೆ ಕಟ್ಟುವ ಮಣ್ಣಿಗೆ ಭತ್ತದ ಹುಲ್ಲು ಕಡಿದು ಹಾಕಿ ತುಳಿಯುತ್ತಿದ್ದವರಿಗೆ ಈ ಎಳೆ ಹೊರಗೆ ಇಣುಕುವುದು ದೋಷವೆಂದೇ ಅನ್ನಿಸುತ್ತಿರಲಿಲ್ಲ. ಒಂದು ಎಚ್ಚರಿಕೆ: ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ಮೂಡುವ ನೇರ ಬಿರುಕಿಗೆ ಪ್ಲಾಸ್ಟರಿನ ನಾರು ಮದ್ದಲ್ಲ, ಅಲ್ಲಿಗೆ ಜಾಲರಿಯನ್ನೇ ಹೊಡೆಯಬೇಕು.

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ಮೂರು ಸಾವಿರ ಚದರಡಿಯ ಶೆಡ್ಡಿಗೆ ಟ್ರಿಮಿಕ್ಸ್ ನೆಲ (ಹಸಿ ಕಾಂಕ್ರೀಟಿನ ಹೆಚ್ಚುವರಿ ನೀರನ್ನು ಯಂತ್ರದಿಂದ ಹೀರಿ ತೆಗೆಯುವ ಬಗೆ) ಹಾಕಿಸಬೇಕಿದೆ. ಸಣ್ಣ ಫೋರ್ಕ್‌ಲಿಫ್ಟ್ ಓಡಾಡುತ್ತದೆ. ಕಬ್ಬಿಣದ ಜಾಲರಿಯ ಬದಲು ದಪ್ಪ ಪ್ಲಾಸ್ಟಿಕ್ ನಾರು ಹಾಕುತ್ತೇವೆ, ಜಾಯಿಂಟೂ ಬೇಕಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ.

ಇಲ್ಲಿ ಮಾತು ಬೇರೆ, ಏಕೆಂದರೆ ನಾರೂ ಬೇರೆ. ಯುರೋಪಿನ ಮಾನದಂಡದಲ್ಲಿ 0.3 ಮಿಮೀಗಿಂತ ತೆಳುವಾದದ್ದು ಸೂಕ್ಷ್ಮ ನಾರು, ಅದಕ್ಕಿಂತ ದಪ್ಪನಾದದ್ದು ಸ್ಥೂಲ ನಾರು. ಸ್ಥೂಲ ನಾರಿನ ಉದ್ದ 30ರಿಂದ 60 ಮಿಮೀ, ಘನ ಮೀಟರಿಗೆ ಹಾಕುವ ಪ್ರಮಾಣ ಎರಡರಿಂದ ಎಂಟು ಕೆಜಿ. ಕಾಂಕ್ರೀಟು ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೂ ಎರಡು ದಡಗಳನ್ನು ಹೊಲಿದಂತೆ ಹಿಡಿದಿಡುವ ಶಕ್ತಿ ಇದಕ್ಕಿದೆ. ನೆಲದ ಮೇಲೆಯೇ ಕುಳಿತಿರುವ ಕಾಂಕ್ರೀಟ್ ಹಾಸಿನಲ್ಲಿ, ಅದರ ಭಾರವೆಲ್ಲ ಕೆಳಗಿನ ಮಣ್ಣಿಗೆ ಇಳಿಯುವುದರಿಂದ, ಇದು ಜಾಲರಿಗೆ ಒಪ್ಪುವ ಬದಲಿಯೇ.

ಪ್ರಾಮಾಣಿಕವಾಗಿ ಹೇಳುವುದಾದರೆ ಶೆಡ್ಡಿನ ನೆಲದಲ್ಲಿ ನನ್ನ ಒಲವು ನಾರಿನ ಕಡೆಗೇ. ಕಾಗದದ ಮೇಲೆ ಜಾಲರಿ ಹಾಸಿನ ಮೇಲಿನ ಮೂರನೇ ಒಂದು ಭಾಗದಲ್ಲಿರುತ್ತದೆ, ಕೆಲಸದ ದಿನ ತಳ್ಳುಗಾಡಿಯವರು ತುಳಿದು ತುಳಿದು ಅದು ತಳದ ಪಿಸಿಸಿಯ (ಕಂಬಿಯಿಲ್ಲದ ಕಾಂಕ್ರೀಟ್ ಪದರದ) ಮೇಲೆ ಮಲಗಿರುತ್ತದೆ. ಅಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾರನ್ನು ಯಾರೂ ತುಳಿದು ಕೆಳಗಿಳಿಸಲಾರರು, ತುಕ್ಕೂ ಹಿಡಿಯದು.

ಆದರೆ "ಇಷ್ಟು ಕೆಜಿ ಹಾಕುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. ಒಂದು ಕಂಪನಿಯ ನಾಲ್ಕು ಕೆಜಿ ಇನ್ನೊಂದರ ಆರು ಕೆಜಿಗೆ ಸಮನಾಗಬಹುದು. ಇಎನ್ 14651 ಎಂಬ ಪರೀಕ್ಷೆಯಲ್ಲಿ, ತಳದಲ್ಲಿ ಗೀರು ಹಾಕಿದ 150 ಮಿಮೀ ಚೌಕದ ತೊಲೆಯನ್ನು ಬಗ್ಗಿಸಿ, ಬಿರುಕು ಅರ್ಧ ಮಿಲಿಮೀಟರ್ ಹಾಗೂ ಎರಡೂವರೆ ಮಿಲಿಮೀಟರ್ ಬಾಯಿಬಿಟ್ಟಾಗ ಉಳಿದಿರುವ ಬಲವನ್ನು ಅಳೆಯುತ್ತಾರೆ. ನಿಮಗೆ ಕೊಡುವ ನಾರಿನ, ನಿಮಗೆ ಹಾಕುವ ಪ್ರಮಾಣದ ಈ ಅಂಕಿಗಳನ್ನು ಬರವಣಿಗೆಯಲ್ಲಿ ಕೇಳಿ. ನಿಮ್ಮ ಫೋರ್ಕ್‌ಲಿಫ್ಟಿನ ಚಕ್ರದ ಭಾರ ಮತ್ತು ರ‍್ಯಾಕಿನ ಕಾಲಿನ ಭಾರಕ್ಕೆ ಅವು ಸಾಲುತ್ತವೆಯೇ ಎಂದು ಲೆಕ್ಕ ಹಾಕಿದ ಎಂಜಿನಿಯರ ಸಹಿಯೂ ಇರಲಿ.

ಜಾಯಿಂಟು ಬೇಡವೆಂಬುದನ್ನು ಮಾತ್ರ ಖಂಡಿತ ಒಪ್ಪಬೇಡಿ. ಕಾಂಕ್ರೀಟು ಕುಗ್ಗುವುದನ್ನು ಈ ಪ್ರಮಾಣದ ನಾರು ನಿಲ್ಲಿಸುವುದಿಲ್ಲ. ಆರು ಅಂಗುಲ ದಪ್ಪದ ಹಾಸಿನಲ್ಲಿ ನಾಲ್ಕರಿಂದ ನಾಲ್ಕೂವರೆ ಮೀಟರಿಗೊಂದು ಗ್ರೂವ್, ಅಂದರೆ ಬಿರುಕು ಅಲ್ಲೇ ನೇರವಾಗಿ ಬೀಳಲೆಂದು ಕೊರೆಯುವ ಗೀರು, ಬೇಕು, ಆಳ ದಪ್ಪದ ಕಾಲು ಭಾಗಕ್ಕಿಂತ ಕಡಿಮೆಯಿರಬಾರದು. ಅಂಚು ಉದುರದಷ್ಟು ಗಟ್ಟಿಯಾದ ಕೂಡಲೇ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ, ಕಟ್ ಮಾಡಿಸಿ. ಕಟಿಂಗ್ ಮೆಷಿನ್ ಇನ್ನೊಂದು ಸೈಟಿನಲ್ಲಿದೆ ಎಂದು ಮೂರು ದಿನ ತಡಮಾಡಿದರೆ ಬಿರುಕು ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿರುತ್ತದೆ. ಒಂದು ದಿನದ ಕೆಲಸ ಇನ್ನೊಂದು ದಿನದ್ದಕ್ಕೆ ಸೇರುವಲ್ಲಿ ಎರಡೂ ಬದಿಯನ್ನು ಬೆಸೆಯುವ ಡೋವೆಲ್ ರಾಡುಗಳೂ (ಗಿಡ್ಡ ಉಕ್ಕಿನ ಕಂಬಿಗಳು) ಬೇಕು, ನಾರು ಆ ಜಾಯಿಂಟನ್ನು ದಾಟಿ ಹೋಗುವುದಿಲ್ಲವಲ್ಲ.

ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಅದರ ಸಾಂದ್ರತೆ 0.91. ಆದ್ದರಿಂದ ವೈಬ್ರೇಟರನ್ನು ಅತಿಯಾಗಿ ಆಡಿಸಿದರೆ ಎಳೆಗಳು ಮೇಲೇರಿ ನೆಲದಲ್ಲಿ ಕಾಣಿಸಿಕೊಳ್ಳುತ್ತವೆ. ಮೇಲೆ ಫ್ಲೋರ್ ಹಾರ್ಡನರ್ (ನೆಲದ ಮೇಲ್ಮೈ ಗಟ್ಟಿ ಮಾಡುವ ಪುಡಿ) ಉದುರಿಸಿ ಪವರ್ ಟ್ರೋವೆಲ್ (ನೆಲ ನಯ ಮಾಡುವ ಯಂತ್ರ) ಓಡಿಸಿದರೆ ಮುಚ್ಚುತ್ತದೆ. ಚಕ್ರದ ಸವೆತವನ್ನು ತಡೆಯುವುದೂ ಹಾರ್ಡನರೇ ಹೊರತು ನಾರಲ್ಲ. ಇದೇ ನಾರನ್ನು ಮುಂದೆ ಶೆಡ್ಡಿನ ಮೇಲೆ ಮಹಡಿ ಎತ್ತುವಾಗ ರಾಡಿಗೆ ಬದಲಾಗಿ ಹಾಕುವ ಮಾತು ಬಂದರೆ ಬಾಗಿಲಲ್ಲೇ ತಡೆಯಿರಿ. ಸದಾ ಎಳೆತದಲ್ಲಿರುವ ಪ್ಲಾಸ್ಟಿಕ್ ನಿಧಾನವಾಗಿ ಹಿಗ್ಗುತ್ತಲೇ ಹೋಗುತ್ತದೆ, ಕೆಳಗೆ ಮಣ್ಣಿನ ಆಸರೆಯಿಲ್ಲದ ಹಾಸಿನಲ್ಲಿ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಪಾಲಿಟೆಕ್ನಿಕ್ ವಿದ್ಯಾರ್ಥಿ ನಾನು. ಸುರಂಗಗಳ ಕಾಂಕ್ರೀಟಿಗೆ ಬೆಂಕಿಯಿಂದ ರಕ್ಷಣೆಗಾಗಿ ಪ್ಲಾಸ್ಟಿಕ್ ನಾರು ಹಾಕುತ್ತಾರೆಂದು ಓದಿದೆ. ಉರಿಯುವ ವಸ್ತು ಬೆಂಕಿಯನ್ನು ತಡೆಯುವುದು ಹೇಗೆ?

ಕರಗಿಹೋಗುವುದೇ ಅದರ ಉಪಕಾರ. ಹೆಚ್ಚು ಬಲದ ಕಾಂಕ್ರೀಟು ಬಹಳ ಒತ್ತಾಗಿರುವುದರಿಂದ, ಬೆಂಕಿಯ ಕಾವು ಏರಿದಾಗ ಒಳಗಿನ ತೇವ ಆವಿಯಾಗಿ ಹೊರಬರಲು ದಾರಿಯಿಲ್ಲದೆ ಒತ್ತಡ ಕಟ್ಟುತ್ತದೆ, ಕೊನೆಗೆ ಮೇಲ್ಪದರ ಹುರಿಯಲಿಟ್ಟ ಜೋಳದಂತೆ ಚಟಚಟನೆ ಸಿಡಿಯುತ್ತದೆ. ಒಂದು ಪದರ ಸಿಡಿದರೆ ಬೆಂಕಿ ಮುಂದಿನ ಪದರಕ್ಕೆ ನಾಟುತ್ತದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಡಿಯ ಚಾನೆಲ್ ಸುರಂಗದಲ್ಲಿ 1996ರ ನವೆಂಬರ್ 18ರಂದು ಲಾರಿಗಳನ್ನು ಹೊತ್ತ ರೈಲಿಗೆ ಬೆಂಕಿ ಬಿದ್ದಾಗ ಹೀಗೆಯೇ ಆಗಿ, ಸುರಂಗದ ಕಾಂಕ್ರೀಟ್ ಹೊದಿಕೆ ಕೆಲವೆಡೆ ಕೆಲವೇ ಸೆಂಟಿಮೀಟರ್ ಉಳಿದಿತ್ತು.

ಪಾಲಿಪ್ರೊಪಿಲೀನ್ ಎಳೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕರಗಿದ ಜಾಗದಲ್ಲಿ ಕೂದಲೆಳೆಯಷ್ಟು ಕೊಳವೆಗಳೂ ಸುತ್ತ ಸಣ್ಣ ಸೀಳುಗಳೂ ಉಳಿದು ಆವಿಗೆ ದಾರಿಯಾಗುತ್ತವೆ. ಹೆಚ್ಚು ಬಲದ ಕಾಂಕ್ರೀಟಿಗೆ ಘನ ಮೀಟರಿಗೆ ಎರಡು ಕೆಜಿಗೆ ಕಡಿಮೆಯಿಲ್ಲದಂತೆ ಹಾಕುವುದು ಯುರೋಪಿನ ಸಂಹಿತೆ ಸೂಚಿಸುವ ದಾರಿಗಳಲ್ಲೊಂದು. ನಿಮ್ಮ ಪ್ರಬಂಧಕ್ಕೆ ಒಂದು ಸೂಚನೆ: ಈ ಕೆಲಸಕ್ಕೆ ಸೂಕ್ಷ್ಮ ನಾರೇ ಬೇಕು. ಅಷ್ಟೇ ತೂಕದ ಸ್ಥೂಲ ನಾರಿನಲ್ಲಿ ಎಳೆಗಳ ಎಣಿಕೆ ತೀರ ಕಡಿಮೆಯಾಗಿ ಒಂದು ದಾರಿ ಇನ್ನೊಂದಕ್ಕೆ ಕೂಡುವುದಿಲ್ಲ.

ಪ್ರಶ್ನೆ: ಮಂಗಳೂರಿನಲ್ಲಿ ಕಚೇರಿಗೆ ಕಾರ್ಪೆಟ್ ಟೈಲ್ ಹಾಕಿಸಬೇಕು. ನೈಲಾನ್ ದುಬಾರಿ, ಪಾಲಿಪ್ರೊಪಿಲೀನ್ ಅಗ್ಗ. ಯಾವುದು ಒಳ್ಳೆಯದು?

ಗಾಲಿ ಕುರ್ಚಿಗಳು ಓಡಾಡುವ ಕಡೆ ನೈಲಾನ್. ತುಳಿತಕ್ಕೆ ಬಗ್ಗಿದ ನೈಲಾನ್ ಎಳೆ ಮತ್ತೆ ಎದ್ದು ನಿಲ್ಲುತ್ತದೆ, ಪಾಲಿಪ್ರೊಪಿಲೀನ್ ಮಲಗಿದ್ದು ಮಲಗಿಯೇ ಇರುತ್ತದೆ, ವರ್ಷದೊಳಗೆ ನಡೆದಾಡುವ ದಾರಿ ಕಾಲುದಾರಿಯಂತೆ ಎದ್ದು ಕಾಣುತ್ತದೆ. ಕಾಫಿಯ ಕಲೆಯ ವಿಷಯದಲ್ಲಿ ಮಾತ್ರ ಅಗ್ಗದ್ದೇ ಗೆಲ್ಲುತ್ತದೆ, ಏಕೆಂದರೆ ಪಾಲಿಪ್ರೊಪಿಲೀನ್ ನೀರನ್ನು ಹೀರುವುದೇ ಇಲ್ಲ. ಆದ್ದರಿಂದ ನೈಲಾನ್ ಕೊಳ್ಳುವಾಗ ನೂಲು ತೆಗೆಯುವ ಮುಂಚೆಯೇ ಬಣ್ಣ ಬೆರೆಸಿದ ಬಗೆಯನ್ನು ಕೇಳಿ ಪಡೆಯಿರಿ, ಅದಕ್ಕೆ ಕಲೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಜನ ಕಡಿಮೆ ಓಡಾಡುವ ಸಭಾಕೋಣೆಗೆ ಪಾಲಿಪ್ರೊಪಿಲೀನ್ ಸಾಕು.

ನಿಮ್ಮ ಊರಿನಲ್ಲಿ ನೂಲಿಗಿಂತ ಹೆಚ್ಚು ಯೋಚಿಸಬೇಕಾದದ್ದು ಕೆಳಗಿನ ನೆಲದ ತೇವ. ಕಾರ್ಪೆಟ್ಟಿನ ಬೆನ್ನಿಗೆ ಹಿಂದೆ ಸೆಣಬು ಇರುತ್ತಿತ್ತು, ತೇವ ತಾಗಿದರೆ ಕೊಳೆಯುತ್ತಿತ್ತು. 1960ರ ದಶಕದಿಂದ ಆ ಜಾಗಕ್ಕೆ ಪಾಲಿಪ್ರೊಪಿಲೀನ್ ನೇಯ್ಗೆ ಬಂದ ಮೇಲೆ ಬೆನ್ನು ಕೊಳೆಯುವುದಿಲ್ಲ, ಆದರೆ ಅಂಟು ಬಿಡುತ್ತದೆ, ಬೂಷ್ಟು ವಾಸನೆಯೂ ಬರುತ್ತದೆ. ಹಾಕಿಸುವ ಮುಂಚೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ನೆಲದ ಮೇಲೆ 16 ಗಂಟೆ ಬಿಡಿ. ಎತ್ತಿದಾಗ ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಸಿಮೆಂಟ್ ಕಪ್ಪಾಗಿದ್ದರೆ ನೆಲ ಇನ್ನೂ ಒಣಗಿಲ್ಲ. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ ಸಮಾಧಾನಪಡಬೇಡಿ, ನೆಲಮಹಡಿಯ ಕಚೇರಿಯಾದರೆ ಜುಲೈಯಲ್ಲಿ ಇನ್ನೊಮ್ಮೆ ಮಾಡಿಯೇ ಆರ್ಡರ್ ಕೊಡಿ.